ಹಳೇ ಪ್ಲೇಟ್ ಮಷೀನು, ಹೊಸ ಇಲಾಸ್ಟಿಕ್

ಮೈಕ್‌ಸೆಟ್ ಇಟ್ಟುಕೊಂಡವನು ನಗಲು ಬೇರೆ ಕಾರಣ ಹುಡುಕಬೇಕಿಲ್ಲ. ಎಂಥಾ ಗಂಭೀರ ಕಾರ್ಯಕ್ರಮಕ್ಕೆ ಹೋದರೂ ಏನಾದರೊಂದು ಎಡವಟ್ಟು ನನಗಿಂತ ಮೊದಲೇ ಬಂದು ಕುಂತಿರುತ್ತದೆ. ಜೊತೆಗೆ ನನ್ನ ಹಳೇ ಪ್ಲೇಟ್ ಮಷೀನಿದ್ದರಂತೂ ಮುಗಿದೇ ಹೋಯಿತು.

ಕರೀ ತಟ್ಟೆಯಂಥ ರಿಕಾರ್ಡಿಗೆ ನಮ್ಮೂರು ಸಂಶಿಯಲ್ಲಿ ನಾವು ಪ್ಲೇಟು ಅನ್ನುತ್ತೇವೆ. ಅದನ್ನು ತಿರುಗಿಸಿ ಹಾಡಿಸುವ ಪೆಟ್ಟಿಗೆಯೇ ಪ್ಲೇಟ್ ಮಷೀನು. ನನಗೆ ಕೆಲಸ ಕಲಿಸಿದ ಯಜಮಾನರು ಅಂಗಡಿ ಮುಚ್ಚುವಾಗ, "ಇದನ್ನ ಚಂದಾಗಿ ನೋಡ್ಕೊ, ಇದು ನಿನ್ನ ನೋಡ್ಕೋತೈತಿ" ಎಂದು ಕೊಟ್ಟದ್ದು. ನೋಡಿಕೊಂಡಿತು ಕೂಡ. ನನ್ನ ಮದುವೆ, ಮಗಳ ತೊಟ್ಟಿಲು, ಅವಳ ಓದು ಎಲ್ಲ ಅದರ ಮೇಲೇ ತಿರುಗಿದವು. ಅದರ ಋಣ ಸಣ್ಣದಲ್ಲ.

ಬಾಳೆ ಎಲೆಯ ಮಾತು

ಆಗ ಮದುವೆಗಳಿಗೆ ಈ ಮಷೀನೇ ಹೋಗುತ್ತಿತ್ತು. ಒಂದು ಮದುವೆಯಲ್ಲಿ ಗಂಡಿನ ಕಡೆಯವರು ಆಗಷ್ಟೇ ಚಪ್ಪರದೊಳಗೆ ಕಾಲಿಟ್ಟಿದ್ದರು. ಸನಾದಿ ಹಚ್ಚಬೇಕು. ಹಿರಿಯ ಬೀಗರೊಬ್ಬರನ್ನು ಮರ್ಯಾದೆಗೆ ಕೇಳಿದೆ: "ಯಜಮಾನ್ರ, ಪ್ಲೇಟ್ ಹಾಕ್ಲೇನ್ರಿ?"

ಬೀಗರ ಮೀಸೆ ನೆಟ್ಟಗಾಯಿತು. "ಏನಂದಿ? ಪ್ಲೇಟ? ಬಾಳಿ ಎಲಿ ಅಂತ ಮಾತಾಗಿತ್ತು! ನಡೀರಿಲೇ, ಗಾಡಿ ಹತ್ತೂಣು!"

ಹೆಣ್ಣಿನ ತಂದೆ ಓಡಿ ಬಂದು ಕೈ ಮುಗಿದರು. ಅಡುಗೆಯವನು ಬಾಳೆ ಎಲೆಯ ಕಟ್ಟನ್ನೇ ಹೊತ್ತು ತಂದು ತೋರಿಸಿದ. ನಾನು ಮತ್ತೆ ಬಾಯಿ ಬಿಡದೆ ಸನಾದಿಯ ಪ್ಲೇಟು ಹಚ್ಚಿಬಿಟ್ಟೆ. ಬೀಗರು ಅದು ತಿರುಗುವುದನ್ನು ನೋಡಿದರು, ಕಿವಿಗೊಟ್ಟರು, ತಣ್ಣಗಾದರು. ಆಮೇಲೆ ನನ್ನ ಬಾಜು ಬಂದು ಮೆಲ್ಲಗೆ ಹೇಳಿದರು: "ಇಂಥಾದಾದ್ರ ನನಗ ಎರಡು ಹಾಕು."

ಮರ್ಯಾದಿಯೋ ಮಷೀನೋ

ಮುಂದೆ ಮದುವೆಗಳಿಗೆ ಪೆನ್‌ಡ್ರೈವ್ ಬಂತು, ಮಷೀನು ಮನೆ ಸೇರಿತು. ಆದರೂ ಸೋಮವಾರ ಸಂಜೆ ಅದಕ್ಕೆ ರಜೆ ಇಲ್ಲ. ಓಣಿಯ ಭಜನಾ ಮೇಳದವರು ನಮ್ಮ ಪಡಸಾಲೆಯಲ್ಲಿ ಕುಂತು, ಪ್ಲೇಟಿನ ಜೊತೆ ಹಾಡಿ ಹಾಡಿ ಕಲಿಯುತ್ತಾರೆ.

ಒಂದು ಸೋಮವಾರ ತಟ್ಟೆ ತಿರುಗಿಸುವ ರಬ್ಬರ್ ಬೆಲ್ಟು ಕಡಿಯಿತು. ಹುಬ್ಬಳ್ಳಿಯ ರಿಪೇರಿಯವನು ಫೋನಿನಲ್ಲೇ ನಕ್ಕ: "ಕಾಕಾ, ಆ ಬೆಲ್ಟ್ ಮ್ಯೂಸಿಯಂನ್ಯಾಗೂ ಸಿಗಂಗಿಲ್ರಿ." ಮೇಳದವರು ಆಗಲೇ ತಾಳ ಹಿಡಿದು ಬಾಗಿಲಿಗೆ ಬಂದಿದ್ದರು. ನನ್ನ ಹೆಂಡತಿ ಮನೆಯೆಲ್ಲ ಹುಡುಕಿ, ಕತ್ತರಿ ಹಿಡಿದು ನನ್ನ ಮುಂದೆ ನಿಂತಳು. ಮನೆಯಲ್ಲಿದ್ದದ್ದು ಒಂದೇ ಇಲಾಸ್ಟಿಕ್. ಅದು ಕಂಬ ಹತ್ತಿ ಹಾರ್ನ್ ಕಟ್ಟುವಾಗ ನಾನು ಹಾಕುವ ಚಡ್ಡಿಯಲ್ಲಿತ್ತು.

"ಲಗೂನ ಹೇಳ್ರಿ, ಮರ್ಯಾದಿ ಬೇಕೋ, ಮಷೀನ ಬೇಕೋ?"

"ಮಷೀನ" ಅಂದೆ.

ಇಲಾಸ್ಟಿಕ್ ಕೊಂಚ ಸಡಿಲವಾಗಿತ್ತು. ತಟ್ಟೆ ಮೊದಲಿಗಿಂತ ಆರಾಮಾಗಿ ತಿರುಗತೊಡಗಿತು. ಅದಕ್ಕೂ ವಯಸ್ಸಾಯಿತಲ್ಲ ಎಂದು ಸುಮ್ಮನಾದೆ. ಅಂದಿನಿಂದ ನಾನು ಧೋತರ ಉಡತೊಡಗಿದೆ. "ವಯಸ್ಸಾದಂಗ ಎಷ್ಟ ಸಂಸ್ಕಾರ ಬಂತು ನೋಡ್ರಿ" ಎಂದು ಓಣಿಯವರು ಹೊಗಳತೊಡಗಿದರು.

ಹೊಸದು ಹಾಡಿದ ಮೊದಲ ಹಾಡು

ಮಗಳು ಹುಬ್ಬಳ್ಳಿಯಲ್ಲಿ ನರ್ಸು. ಹೋದ ದೀಪಾವಳಿಗೆ ನನಗೆಂದೇ ಹೊಸ ಪ್ಲೇಟ್ ಮಷೀನು ತಂದಳು. ಪ್ಲೇಟಿನ ಫ್ಯಾಷನ್ ಮತ್ತೆ ಬಂದಿದೆಯಂತೆ. ಸೂಟ್‌ಕೇಸಿನಂಥ ಚಂದದ ಪೆಟ್ಟಿಗೆ, ಒಳಗೇ ಸ್ಪೀಕರು, ಮೇಲೆ ಬ್ಲೂಟೂತು. "ಅಪ್ಪಾ, ಆ ಮುದುಕಗ ಇನ್ನರೆ ರಿಟಾಯರ್ಮೆಂಟ್ ಕೊಡು" ಅಂದಳು.

ಅವಳ ಪ್ರೀತಿ ನೋಡಿ ಕಣ್ಣು ತುಂಬಿತು. ಹಳೆಯದನ್ನು ನೋಡಿದರೂ ಕಣ್ಣು ತುಂಬಿತು. ಎರಡನ್ನೂ ಇಡೋಣವೆಂದರೆ ಹೆಂಡತಿ, "ಪಡಸಾಲ್ಯಾಗ ಒಂದಕ್ಕ ಜಾಗಾ ಐತಿ. ಎರಡೂ ಇಡೂದಾದ್ರ ನೀವು ಹಿತ್ತಲದಾಗ ಮಲಗ್ರಿ" ಅಂದುಬಿಟ್ಟಳು.

ಓಣಿಯ ಹೆಣ್ಣುಮಕ್ಕಳೆಲ್ಲ ಹೊಸದನ್ನು ನೋಡಲು ಬಂದರು. ಮಗಳು ಅದಕ್ಕೆ ತಾಯಿಯ ಮೊಬೈಲು ಜೋಡಿಸಿದಳು. ಅಷ್ಟರಲ್ಲೇ ದುಮ್ಮವಾಡದಿಂದ ನನ್ನ ನಾದಿನಿಯ ವಾಯ್ಸ್ ಮೆಸೇಜು ಬಂತು. ಹೆಂಡತಿ ರೂಢಿಯಂತೆ ಒತ್ತಿದಳು. ಹೊಸ ಮಷೀನು ಓಣಿಗೆಲ್ಲ ಕೇಳುವಂತೆ ಮಾತಾಡಿತು: "ಅಕ್ಕಾ, ಮಾವಾರು ಇನ್ನೂ ಹಂಗ ಗೊರಕಿ ಹೊಡೀತಾರೇನ? ನಾ ಹೇಳಿದಂಗ ಮೂಗು ಹಿಡದಿಯೇನ?"

ಎಲ್ಲರೂ ಸೆರಗು ಬಾಯಿಗೆ ಒತ್ತಿಕೊಂಡರು. ಒಬ್ಬಾಕೆ ಮಾತ್ರ ಮುಂದೆ ಬಂದು ಕೇಳಿದಳು: "ಈ ಪ್ಲೇಟ್ ಎಲ್ಲೆ ಸಿಗತೈತ್ರಿ? ನಮ್ಮ ಮನಿಯವ್ರಿಗೂ ಬೇಕಾಗಿತ್ತು."

ಕಡೇ ಬಸ್ಸು

ಸೋಮವಾರ ಮೇಳ ಬಂತು. ಅದರ ಮುಂದಾಳಿಗೆ ಊರೆಲ್ಲ ಗಿರಣಿ ಕಾಕಾ ಅನ್ನುತ್ತದೆ. ಹಿಟ್ಟಿನ ಗಿರಣಿ ಅವರದು, ದನಿ ಗಿರಣಿಗಿಂತ ದೊಡ್ಡದು. ಹೊಸ ಮಷೀನಿನ ಮೇಲೆ ಅದೇ ಹಳೇ ಭಜನೆ ಪ್ಲೇಟು ಹಾಕಿದೆ.

ಹಾಡು ಓಡತೊಡಗಿತು. ಮೇಳದವರು ಎರಡನೇ ಸಾಲು ಹಿಡಿಯುವಷ್ಟರಲ್ಲಿ ಅದು ನಾಲ್ಕನೆಯದರಲ್ಲಿತ್ತು. ಪ್ಲೇಟಿನಲ್ಲಿ ಒಂದು ಗೀರು ಇದೆ. ಹಳೇ ಮಷೀನಿನ ಪಿನ್ನು ಅಲ್ಲಿ ಸಿಕ್ಕಿಬಿದ್ದು "ಗುರುವೇ, ಗುರುವೇ, ಗುರುವೇ" ಅನ್ನುತ್ತಿತ್ತು. ಮೇಳದವರೂ ಹಾಗೇ ಕಲಿತಿದ್ದರು. ಹೊಸದು ಒಂದೇ ಸಲ ಕರೆದು ದಾಟಿಹೋಯಿತು. ತಾಳದವನು ಬೆವೆತುಬಿಟ್ಟ.

ಕಾಕಾ ಕೈ ಎತ್ತಿದರು. "ನಿಂದರಸೋ ತಮ್ಮಾ. ಈ ಪ್ಲೇಟಿನ್ಯಾಗ ಹಾಡಾವ್ರಿಗೆ ಕಡೇ ಬಸ್ ತಪ್ಪತೈತೇನ? ಈ ಮಷೀನ ಕೆಟ್ಟೈತಿ."

ಮಗಳ ಮುಖ ಸಣ್ಣದಾಯಿತು. ಮೊಬೈಲಿನಲ್ಲಿ ಅದೇ ಹಾಡು ಹುಡುಕಿ ಹಚ್ಚಿದಳು. ಅದೂ ಅಷ್ಟೇ ಜೋರಾಗಿ ಓಡಿತು. "ನೋಡ್ರಿ ಕಾಕಾ, ಹಾಡು ಇರೂದ ಹಿಂಗ. ಇಷ್ಟ ದಿನಾ ಹಳೇ ಮಷೀನ ತಪ್ಪು ಕಲಿಸೈತಿ."

ನನಗೆ ಆಗ ಇಲಾಸ್ಟಿಕ್ ನೆನಪಾಯಿತು. ಧೋತರದ ಗಂಟು ಬಿಗಿ ಮಾಡಿಕೊಂಡೆ. ಕಾಕಾ ಮೊಬೈಲಿಗೆ ಪೂರಾ ಕಿವಿಗೊಟ್ಟು ಕೇಳಿ, ಮಗಳ ತಲೆ ಸವರಿದರು. "ಹೌದವಾ. ನಿನ್ನ ಮೊಬೈಲೂ ಕೆಟ್ಟೈತಿ."

ಮೂಲ ಎಲ್ಲೈತಿ?

ಕೊನೆಗೆ ಮಗಳೇ ಪಂಚಾಯ್ತಿ ಮುಗಿಸಿದಳು. ಮುಂದಿನ ವಾರ ಮಿಶ್ರಿಕೋಟಿಯಲ್ಲಿ ಭಜನಾ ಸ್ಪರ್ಧೆ ಇತ್ತು. "ಅಲ್ಲೆ ತಿಳದವ್ರು ಇರ್ತಾರ. ಹಾಡು ತಪ್ಪ ಅಂದ್ರ ಹಳೇದು ಗುಜರಿಗೆ. ಭೇಷ್ ಅಂದ್ರ ಇರ್ಲಿ." ಆ ವಾರವೆಲ್ಲ ನನಗೆ ರೊಟ್ಟಿ ರುಚಿಸಲಿಲ್ಲ.

ಟೆಂಪೋ ಹತ್ತಿ ಎಲ್ಲರೂ ಹೋದೆವು. ಬೇರೆ ಮೇಳಗಳು ಚಪ್ಪರ ಹಾರುವಂತೆ ಹಾಡಿದವು. ನಮ್ಮವರು ನಿಧಾನಕ್ಕೆ ಎಳೆದು, ಗುರುವನ್ನು ಮೂರು ಸಲ ಕರೆದು ಹಾಡಿದರು. ಮಂದಿ ಕಣ್ಣು ಮುಚ್ಚಿ ಕುಂತುಬಿಟ್ಟರು. ಮಷೀನು ಕೊಟ್ಟ ಯಜಮಾನರನ್ನು ನೆನೆದು ನಾನು ಅಲ್ಲಿಂದಲೇ ಕೈ ಮುಗಿದೆ.

ತೀರ್ಪು ಹೇಳಲು ಬಂದಿದ್ದ ಹಿರಿಯ ಸಂಗೀತ ಮಾಸ್ತರರು ಮೈಕ್ ಹಿಡಿದರು. "ಈ ಹಾಡು ಭಾಳ ಸಲ ಕೇಳೀನಿ. ಇಷ್ಟ ಸಮಾಧಾನದಿಂದ ಯಾರೂ ಹಾಡಿಲ್ಲ. ಒಮ್ಮೆ ಕರದ್ರ ಗುರು ಬರಂಗಿಲ್ಲ, ಮೂರು ಸಲ ಕರೀಬೇಕು ಅನ್ನೂ ಭಾವ! ಭೇಷ್! ಇದು ಯಾವ ಪರಂಪರಾ? ಇದರ ಮೂಲ ಎಲ್ಲೈತಿ?"

ಕಾಕಾ ನನ್ನ ಕಡೆ ಕೈ ತೋರಿಸಿದರು. "ಇವರ ಮನ್ಯಾಗ ಐತ್ರಿ."

ಮಾಸ್ತರರು ನನಗೆ ಕೈ ಮುಗಿದರು. ಹೆಣ್ಣುಮಕ್ಕಳ ಸಾಲಿನಲ್ಲಿ ನನ್ನ ಹೆಂಡತಿ ಎದ್ದು ನಿಂತು, ಇದ್ದದ್ದನ್ನು ಇದ್ದ ಹಾಗೇ ಹೇಳಿದಳು: "ಮೂಲ ಇವರ ಚಡ್ಡ್ಯಾಗ ಇತ್ರಿ. ನಾನ ಕತ್ತರಿಸಿ ಮಷೀನಿಗೆ ಹಾಕೇನ್ರಿ."

ಕಥೆಯೆಲ್ಲ ಕೇಳಿ ಎಲ್ಲರಿಗಿಂತ ಹೆಚ್ಚು ನಕ್ಕವರು ಮಾಸ್ತರರೇ. ಬಹುಮಾನವೂ ನಮಗೇ ಬಂತು. ಅದರ ಜೊತೆ ಕೊಟ್ಟ ಶಾಲು ಈಗ ಹಳೇ ಮಷೀನಿನ ಮೇಲಿದೆ. ಹೊಸದಕ್ಕೆ ಹೆಂಡತಿ ಅಡುಗೆಮನೆಯಲ್ಲಿ ಜಾಗ ಮಾಡಿದ್ದಾಳೆ, ತಂಗಿಯ ಮೆಸೇಜು ಅದರಲ್ಲೇ ಕೇಳಬೇಕಂತೆ.

ಮುಂದಿನ ಸೋಮವಾರ ಮಗಳು ಸೋತವಳ ನಗು ನಗುತ್ತ, ಹುಬ್ಬಳ್ಳಿಯಿಂದ ಇಲಾಸ್ಟಿಕ್ಕಿನ ಸುರುಳಿ ತಂದಳು. "ತಗೋ ಅಪ್ಪಾ, ನಿನ್ನ ಮುದುಕಗ ಹೊಸಾದು ಹಾಕು."

ಕಾಕಾ ಅದನ್ನು ಕಸಿದುಕೊಂಡೇ ಬಿಟ್ಟರು. "ಬ್ಯಾಡವಾ, ಹಾಡು ಕೆಡತೈತಿ! ಮಷೀನಿಗೆ ಹಳೇದ ಇರ್ಲಿ. ಹೊಸಾದು ನಿಮ್ಮಪ್ಪಗ ಹಾಕು."