ಕರೆಂಟು ಹೋದಾಗಲೆಲ್ಲ ಕುಚ್ಚಿನ ಮಾತು

ತಪ್ಪು ಮಾಡುವುದಕ್ಕೆ ಓದು ಬೇಕಾಗಿಲ್ಲ. ಮಾಡಿದ್ದನ್ನು ಒಪ್ಪಿಕೊಳ್ಳುವುದಕ್ಕೆ ಮಾತ್ರ ಸ್ವಲ್ಪ ಓದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ನಾನು ಏಳನೇ ಕ್ಲಾಸಿನ ಮಧ್ಯದಲ್ಲಿ ಶಾಲೆಯಿಂದ ಎದ್ದು ಬಂದವನು. ಕೊಳ್ಳೇಗಾಲದಲ್ಲಿ ಲಗೇಜ್ ಆಟೋ ಓಡಿಸುತ್ತೇನೆ. ನನ್ನ ತಂಗಿ ಮಂಗಳ ಇದನ್ನು ಓದುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಅವಳಿಗೀಗ ಓದಲು ಪುರುಸೊತ್ತಿಲ್ಲ. ಆ ಪುರುಸೊತ್ತು ಹೇಗೆ ಹೋಯಿತು ಎಂಬುದೇ ನನ್ನ ಅಪರಾಧದ ಕಥೆ.

ಮಂಗಳ ಎಂಟು ವರ್ಷ ಒಂದು ರೇಷ್ಮೆ ಸೀರೆ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದಳು. ಗಿರಾಕಿಗಳು ನಲವತ್ತು ಬಿಚ್ಚಿಸಿ ಒಂದನ್ನು ಒಯ್ಯುತ್ತಾರೆ. ಉಳಿದ ಮೂವತ್ತೊಂಬತ್ತೂ ಅವಳ ಪಾಲು. ನಿದ್ದೆಯಲ್ಲಿ ನನ್ನ ಲುಂಗಿಯನ್ನೂ ಅಂಚಿಗೆ ಅಂಚು ಸೇರಿಸಿ ಮಡಚಿಟ್ಟದ್ದುಂಟು. ಆದರೆ ಸೆರಗಿಗೆ ಕುಚ್ಚು ಕಟ್ಟುವುದರಲ್ಲಿ ಅವಳ ಕೈ ಬೇರೆಯೇ. ನೋಡಿದವರು ಒಮ್ಮೆ ಮುಟ್ಟದೆ ಹೋಗುವುದಿಲ್ಲ. ನಾನೇ ಹುರಿದುಂಬಿಸಿದೆ: "ಬುಟ್ಬುಡವ್ವ ಆ ಕೆಲ್ಸವ. ಸ್ವಂತಕ್ಕೆ ಕುಚ್ಚಿನ ಅಂಗ್ಡಿ ಮಾಡು. ಪ್ರಚಾರ ನಂಗ್ ಬುಡು."

ಅವಳು ಬಿಟ್ಟಳು. ಅಂಗಡಿ ತೆರೆದ ಮೂರು ತಿಂಗಳಲ್ಲಿ ಬಂದವರು ಇಬ್ಬರು. ಅವರಲ್ಲೊಬ್ಬರು ತಾಲ್ಲೂಕು ಆಫೀಸಿಗೆ ದಾರಿ ಕೇಳಲು ಬಂದವರು. ಹಳೆಯ ಯಜಮಾನರು ಒಳ್ಳೆಯವರು, "ಯುಗಾದಿಗಂಟ ನಿನ್ನ ಜಾಗ ಅಂಗೇ ಇರ್ತದೆ, ಬರಾದಾದ್ರೆ ಬಾ" ಎಂದು ಹೇಳಿ ಕಳಿಸಿದರು. ಮಂಗಳ ಮೇಜಿನ ಮೇಲಿದ್ದ ನನ್ನ ಕರವಸ್ತ್ರವನ್ನು ಎತ್ತಿಕೊಂಡು ಮಡಚತೊಡಗಿದಳು.

ಆಗ ಫೋನಿನಲ್ಲಿ ಒಂದು ವೀಡಿಯೋ ಸಿಕ್ಕಿತು. ವ್ಯಾಪಾರ ಬೆಳೆಯಬೇಕಾದರೆ ಪಾಡ್‌ಕಾಸ್ಟ್ ಮಾಡಬೇಕು, ಅಂದರೆ ರೇಡಿಯೋದ ಹಾಗೆ ಮಾತಾಡಿ ಫೋನಿಗೆ ಬಿಡಬೇಕು ಎಂದು ಒಬ್ಬ ಮಹಾಶಯ ಹೇಳುತ್ತಿದ್ದ. ಬೇಕಾದ ಸಾಮಾನುಗಳನ್ನೂ ಹೇಳಿದ: ಮೈಕು, ಅದಕ್ಕೊಂದು ಸ್ಟ್ಯಾಂಡು, ಕಿವಿಗೆ ಹೆಡ್‌ಫೋನು, ಮೈಕಿಗೂ ಫೋನಿಗೂ ನಡುವೆ ದನಿ ತಿದ್ದುವ ಒಂದು ಪೆಟ್ಟಿಗೆ, ಗೋಡೆಗೆ ಕಂಬಳಿ. ಎಲ್ಲವನ್ನೂ ತಂದು ಅಂಗಡಿಯಲ್ಲೇ ಜೋಡಿಸಿದೆ. ಮಂಗಳ ಮೈಕಿಗೆ ಅರಿಶಿನ ಕುಂಕುಮ ಇಟ್ಟು ಕೈಮುಗಿದಳು. ಮೊದಲ ದಿನವೆಲ್ಲ ಅದರ ಸ್ಪಂಜಿನಿಂದ ಕುಂಕುಮ ಹಾರಿ ನಾವಿಬ್ಬರೂ ಸೀನಿದೆವು.

"ಅಲ್ಲ ಕಣಣ್ಣ, ಕುಚ್ಚು ಕಣ್ಣಲ್ಲಿ ನೋಡಾದಲ್ವಾ? ಕಿವಿಗೆ ಕೇಳ್ಸಿ ಏನ್ ಮಾಡಾದು?" ಎಂದಳು.

"ನೀನ್ ಯೋಳು. ಅವ್ರು ಕಣ್ ಮುಚ್ಕಂಡ್ ನೋಡ್ಕತಾರೆ" ಎಂದೆ.

ವೀಡಿಯೋದವನು ಶಬ್ದವಿಲ್ಲದ ಕೋಣೆ ಬೇಕೆಂದಿದ್ದ. ಪಕ್ಕದಲ್ಲಿ ಆರು ಪವರ್‌ಲೂಮ್ ಇರುವವರು ಏನು ಮಾಡಬೇಕೆಂದು ಹೇಳಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಟಕಟಕ. ನಮ್ಮ ಲೋಟದ ನೀರೂ ನಡುಗುತ್ತಿರುತ್ತದೆ. ನಾನೇ ಉಪಾಯ ಕಂಡುಹಿಡಿದೆ. ಕರೆಂಟು ಹೋದರೆ ಲೂಮು ನಿಲ್ಲುತ್ತದೆ. ಆಗ ರೆಕಾರ್ಡ್ ಮಾಡೋಣ! ಅಂದಿನಿಂದ ಕರೆಂಟು ಹೋಗಲಿ ಎಂದು ಕಾಯುತ್ತ ಕುಳಿತೆವು. ಹೋದ ಕ್ಷಣ ಬೀದಿಯೆಲ್ಲ "ಥತ್" ಎಂದರೆ, ನಾವಿಬ್ಬರು "ಬಂತು, ಬಂತು" ಎಂದು ಕಂಬಳಿಯೊಳಗೆ ನುಗ್ಗುತ್ತಿದ್ದೆವು. ಲೂಮಿನ ಸಿದ್ದಪ್ಪ ಬಾಗಿಲಲ್ಲಿ ನಿಂತು, "ಕರೆಂಟ್ ಓದ್ರೆ ನಗೋರ ಇವತ್ತೇ ನೋಡಿದ್ದು ಕಣ್ಲಾ" ಎಂದ.

ಎರಡು ವಾರದಲ್ಲಿ ನಾಲ್ಕು ಸಲ ಕರೆಂಟು ಹೋಯಿತು, ನಾಲ್ಕು ಕಂತು ಮುಗಿದವು. ಫ್ಯಾನಿಲ್ಲದ ಕೋಣೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಮಂಗಳ ಎಂಥ ಮಾತಾಡಿದಳು! ಬೇಬಿ ಕುಚ್ಚು, ಮಣಿ ಕುಚ್ಚು, ಗಂಟು ಸಡಿಲವಾದರೆ ಸೆರಗು ಹೇಗೆ ಅಳುಮೋರೆ ಮಾಡುತ್ತದೆ, ಎಲ್ಲ. ಉಸಿರು ಬಿಗಿಹಿಡಿದು ಎದುರಿಗೆ ಕುಳಿತೇ ನನಗೆ ಅಷ್ಟೂ ಬಾಯಿಪಾಠವಾಯಿತು. ಶಾಲೆಯಲ್ಲಿ ಮಗ್ಗಿ ಬಾರದ ತಲೆಗೆ ಕುಚ್ಚು ಬಂತು. ರೆಕಾರ್ಡ್ ಆದದ್ದನ್ನು ಹಾಗೆಯೇ ಫೋನಿನಿಂದ ಬಿಟ್ಟೆ. "ನನ್ ದನಿ ನಂಗೇ ಕೇಳಾಕೆ ನಾಚ್ಕೆ" ಎಂದು ಮಂಗಳ ಕೇಳಲೇ ಇಲ್ಲ.

ನಾಲ್ಕನೆಯದು ಬಿಟ್ಟ ಮೇಲೆ, ಹೆಡ್‌ಫೋನನ್ನು ಇನ್ನೂ ಬಳಸಿಲ್ಲವಲ್ಲ ಎಂದು ಕಿವಿಗೆ ಹಾಕಿಕೊಂಡೆ. ಏನೂ ಇಲ್ಲ. ನಲವತ್ತು ನಿಮಿಷ ಬರೀ ಮೌನ. ಉಳಿದ ಮೂರೂ ಹಾಗೆಯೇ. ಕೇಳಿದ ಒಬ್ಬರೇ ಒಬ್ಬರು ಕೆಳಗೆ ಬರೆದಿದ್ದರು: "ಮನಸ್ಸಿಗೆ ತುಂಬಾ ನೆಮ್ಮದಿ ಸಿಕ್ಕಿತು." ವೈರು ಹಿಡಿದು ಹೊರಟೆ. ಮೈಕಿನಿಂದ ಪೆಟ್ಟಿಗೆ, ಪೆಟ್ಟಿಗೆಯಿಂದ ಗೋಡೆಯ ಸ್ವಿಚ್ಚು. ಲೂಮನ್ನು ನಿಲ್ಲಿಸಿದ ಕರೆಂಟು ನನ್ನ ಪೆಟ್ಟಿಗೆಯನ್ನೂ ನಿಲ್ಲಿಸಿತ್ತು. ಅದರ ಹಸಿರು ದೀಪ ಕಣ್ಣು ಕುಕ್ಕುತ್ತದೆಂದು ಮಂಗಳ ಮೊದಲ ದಿನವೇ ಅದರ ಮೇಲೊಂದು ಹಣೆಬೊಟ್ಟು ಅಂಟಿಸಿದ್ದಳು.

ಹೇಳಿಬಿಡೋಣ ಎಂದೇ ಹೋದೆ. ಅವಳು ನಗುತ್ತ, "ಅಣ್ಣ, ನಾನ್ ಇಷ್ಟ್ ಹೊತ್ತು ಮಾತಾಡಿದ್ದ ಯಾರೂ ಅಡ್ಡ ಬಾಯಾಕ್ದೆ ಕೇಳಿದ್ದು ಇದೇ ಮೊದ್ಲು ಕಣಣ್ಣ" ಎಂದಳು. ನನ್ನ ಬಾಯಿ ಕಟ್ಟಿಹೋಯಿತು.

ಆ ಬಾಯಿ ಮರುದಿನ ಹೊನ್ನೂರಿನಲ್ಲಿ ತೆರೆಯಿತು. ಸಿಮೆಂಟು ಇಳಿಸಿ, ಬಸ್‌ಸ್ಟಾಪಿನಲ್ಲಿ ಕೂತಿದ್ದ ಹೆಂಗಸರ ಮುಂದೆ ನಿಂತು ಶುರುಮಾಡಿದೆ: "ನಮಸ್ಕಾರ ಕೇಳುಗರೇ, ನಾನು ನಿಮ್ಮ ಮಂಗಳ. ಆರನೇ ಕ್ಲಾಸಿಂದ ಕುಚ್ಚು ಕಟ್ತಾ ಇವ್ನಿ..." ಬಾಯಿಪಾಠವಾದದ್ದು ಹಾಗೆ, ನಡುವೆ ತಿದ್ದಿದರೆ ಮುಂದಿನದು ಮರೆತುಹೋಗುತ್ತದೆ. ಅವಳು ಕೆಮ್ಮಿದಲ್ಲಿ ನಾನೂ ಕೆಮ್ಮಿದೆ. ಒಬ್ಬ ಅಜ್ಜಿ ನನ್ನ ಮೀಸೆಯನ್ನೇ ದಿಟ್ಟಿಸಿ, "ಪಾಪ, ಯಾರೆತ್ತ ಮಗನೋ" ಎಂದರು. ಆದರೂ ಬಸ್ಸು ಬಂದಾಗ ಇಬ್ಬರು ಹತ್ತಲಿಲ್ಲ. ಮಣಿ ಕುಚ್ಚು ಇನ್ನೂ ಮುಗಿದಿರಲಿಲ್ಲ. ಆಮೇಲೆ ಹನೂರು, ಯಳಂದೂರು. ಮಾರ್ಟಳ್ಳಿಯಲ್ಲಿ ನನ್ನ ಅರೆಬರೆ ತಮಿಳೂ ಸೇರಿ ಮೂರನೇ ಕಂತು ಒಂದೂವರೆ ಗಂಟೆಯಾಯಿತು.

ಯುಗಾದಿಗೆ ಹತ್ತು ದಿನವಿರುವಾಗ ಹೊನ್ನೂರಿನ ಹೆಂಗಸೊಬ್ಬರು ಐದು ಸೀರೆ ಹೊತ್ತು ಅಂಗಡಿಗೆ ಬಂದರು. ನಾನು ಕಂಬಳಿಯ ಹಿಂದೆ ಸರಿದೆ.

"ನಿಮ್ ಮಾತ ಕೇಳ್ಕಂಡೇ ಬಂದೆ ಕಣವ್ವ" ಎಂದರು.

ಮಂಗಳಳ ಮುಖ ಅರಳಿತು. "ಎಲ್ ಕೇಳುದ್ರಿ ಅಕ್ಕಾ?"

"ಬಸ್‌ಸ್ಟಾಪಲ್ಲಿ. ನಾನಿರ್ಲಿಲ್ಲ, ಊರೋರೆಲ್ಲ ಕೇಳ್ಕಂಡ್ ಬಂದು ಯೋಳುದ್ರು. ದನಿ ಮಾತ್ರ ವಸಿ ಗೊಗ್ಗರು ಅಂತಿದ್ರು ನೋಡು."

ಈಗ ಹಳೆಯ ಯಜಮಾನರೇ ತಮ್ಮ ಸೀರೆಗಳನ್ನು ಕುಚ್ಚಿಗೆಂದು ಇಲ್ಲಿಗೆ ಕಳಿಸುತ್ತಾರೆ. ಐದನೇ ಕಂತಿಗೆಂದು ಪೆಟ್ಟಿಗೆಗೆ ಬ್ಯಾಟರಿ ತಂದಿಟ್ಟಿದ್ದೇನೆ. ಆದರೆ ಗೊಗ್ಗರು ದನಿ ಹೋಗುವವರೆಗೆ ಮೈಕಿನ ಮುಂದೆ ಕೂರುವುದಿಲ್ಲ ಎಂದು ಮಂಗಳ ಹಟ ಹಿಡಿದಿದ್ದಾಳೆ. ದಿನಾ ಬೆಳಿಗ್ಗೆ ಶುಂಠಿ ಮೆಣಸಿನ ಕಷಾಯ ಕಾಯಿಸಿ ಕುಡಿದು, "ಈಗ ಎಂಗದೆ ಅಣ್ಣ ನನ್ ದನಿ?" ಎಂದು ಕೇಳುತ್ತಾಳೆ. ಬೆಳ್ಳಿ ಗೆಜ್ಜೆಯಂತೆ ಕೇಳಿಸುತ್ತದೆ. "ಇನ್ನೂ ವಸಿ ಅದೆ" ಎನ್ನುತ್ತೇನೆ. ಪಾತ್ರೆಯಲ್ಲಿ ಉಳಿದ ಕಷಾಯವನ್ನು, ಚೆಲ್ಲುವುದೇಕೆಂದು ನಾನು ಕುಡಿಯುತ್ತೇನೆ. ನಾಳೆ ಮತ್ತೆ ಹನೂರಿಗೆ ಹೋಗಬೇಕು. ಅಲ್ಲಿ ನಾಲ್ಕನೇ ಕಂತು ಬಾಕಿ ಇದೆ.