ಡರ್ಬನ್ನಿಗೆ ಹೋಗಿ ಇಳಿಯದೇ ಬಂದ ನಮ್ಮತ್ತಿ

ನಮ್ಮ ಸೋದರತ್ತಿಗೆ ‘ನಿಮ್ಮೂರು ಯಾವುದ್ರೀ?’ ಅಂತ ಯಾರೂ ಕೇಳಬಾರದಾಗಿತ್ತು. ಕೇಳಿದವರು ಅರ್ಧ ತಾಸಿನ ಮೇಲೆ ಎದ್ದು ಹೋಗುವಾಗ ತಮ್ಮ ಊರನ್ನೇ ಮರೆತಿರುತ್ತಿದ್ದರು! ಉತ್ಪ್ರೇಕ್ಷೆ ಅಂದಿರಾ? ಮೇಡ್ಲೇರಿಯಿಂದ ಬಂದಿದ್ದ ಬೀಗರೊಬ್ಬರು ಈ ಪ್ರಶ್ನೆ ಕೇಳಿ, ಉತ್ತರವನ್ನೂ ಪೂರ್ತಿ ಕೇಳಿಸಿಕೊಂಡು, ರಾಣೇಬೆನ್ನೂರಿನ ರೈಲು ಹತ್ತುವ ಬದಲು ಹುಬ್ಬಳ್ಳಿ ರೈಲು ಹತ್ತಿ ಹೋದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಅತ್ತಿಯ ಉತ್ತರ ಹೀಗಿರುತ್ತಿತ್ತು: “ಹುಟ್ಟಿದ್ದು ರಾಣೇಬೆನ್ನೂರಾಗ್ರಿ. ಆದ್ರ ಅಲ್ಲೀಗ ನಮ್ಮವರು ಯಾರೂ ಇಲ್ಲ. ಕೊಟ್ಟಿದ್ದು ಬ್ಯಾಡಗಿಗೆ. ಅಲ್ಲಿ ಮನಿ ಐತಿ, ಮಂದಿ ಇಲ್ಲ. ಈಗ ಇರೂದು ಹಾವೇರ್ಯಾಗ, ತಮ್ಮನ ಮನ್ಯಾಗ. ಇದು ನಮ್ಮೂರು ಹೆಂಗ ಆಗ್ತೈತ್ರಿ? ನಾ ನಾಡಿದ್ದ ಹೋಗಾಕಿ. ಖರೇ ಅಂದ್ರ ನಮ್ಮೂರು ಡರ್ಬನ್!”

“ಡರ್ಬನ್ ಎಲ್ಲಿ ಬರ್ತೈತ್ರಿ? ಗದಗಿನ ಆಚೀಕಡಿ ಏನು?”

“ಹೂಂ, ಆಚೀಕಡೀನ. ನಡುವ ಒಂದು ಸಮುದ್ರ ಬರ್ತೈತಿ, ಅಷ್ಟ!”

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮೊದಲಿನ ಮಾತು ಇದು. ಅತ್ತಿಯ ಗಂಡ, ಅಂದರೆ ನಮ್ಮ ಮಾವ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದ ಮನೆತನದವರು. ಗುಜರಾತಿ ಸ್ನೇಹಿತರೊಬ್ಬರ ಜೊತೆ ಆಫ್ರಿಕಾಕ್ಕೆ ಹೋಗಿ ಡರ್ಬನ್ನಿನಲ್ಲಿ ಮೆಣಸಿನಪುಡಿ, ಮಸಾಲೆ ಮಾರುವ ಸಣ್ಣ ಅಂಗಡಿ ಹಾಕಿದ್ದರು. ಅತ್ತಿ ಅಲ್ಲಿ ಹನ್ನೆರಡು ವರ್ಷ ಸಂಸಾರ ಮಾಡಿದಳು. ಮಕ್ಕಳಾಗಲಿಲ್ಲ. ಮಾವ ದಿನಕ್ಕೆ ಹತ್ತು ಮಾತು ಆಡುವ ಮನುಷ್ಯ. ಹೀಗಾಗಿ ಆ ಮನೆಯಲ್ಲಿ ಆಡಬೇಕಾದ ಉಳಿದ ಮಾತನ್ನೆಲ್ಲ ಅತ್ತಿಯೇ ಆಡಬೇಕಾಗುತ್ತಿತ್ತು.

ನಮ್ಮಕ್ಕನ ಮದುವೆಗೆಂದು ‘ಮೂರೇ ತಿಂಗಳಿಗೆ’ ಹಾವೇರಿಗೆ ಬಂದಳು. ಮದುವೆ ಮುಗಿಯಿತು. ಅಕ್ಕನ ಬಾಣಂತನ ಬಂತು. ಆಮೇಲೆ ಮಳೆಗಾಲ. ಸಮುದ್ರ ಉಬ್ಬುತ್ತದೆಂದು ಉಳಿದಳು. ಆಮೇಲೆ ಅಧಿಕಮಾಸ. ಆಮೇಲೆ ಅಮ್ಮ ಬಿದ್ದು ಕಾಲು ಮುರಿದುಕೊಂಡಳು. ಪ್ರತಿ ಸಲವೂ ‘ನಾಡಿದ್ದ ಹೊಂಟೆ’ ಎಂದು ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದಳು. ಓಣಿಯ ಹೆಂಗಸರು ಪಾಪ, ಪ್ರತಿ ಸಲವೂ ಕರೆದು ಕುಬಸದ ಖಣ, ಕಾಯಿ ಇಟ್ಟು ಉಡಿ ತುಂಬುತ್ತಿದ್ದರು. ಐದನೆಯ ಸಲ ಉಡಿ ತುಂಬಿಸಿಕೊಂಡಾಗ ನಮ್ಮಪ್ಪ ಹೇಳಿದರು: “ಅಕ್ಕಾ, ಇನ್ನೊಂದೆರಡು ಸಲ ನೀ ಹೋಗಲಿಲ್ಲಂದ್ರ, ಬಂದ ಖಣದಾಗ ನಾ ಅರಿವಿ ಅಂಗಡಿನ ತೆಗೀತೀನಿ!”

ಆಫ್ರಿಕಾದ ವಾಸನೆ ಅವಳನ್ನು ಬಿಟ್ಟಿರಲಿಲ್ಲ. ಅಲ್ಲಿಯ ಜನ ಎದುರು ಬಂದವರಿಗೆ ‘ಸಾವುಬೋನಾ’ ಅನ್ನುತ್ತಾರಂತೆ, ನಾವು ನಮಸ್ಕಾರ ಅಂದಹಾಗೆ. ಬಾಯಿಗೆ ರೂಢಿಯಾದ ಮಾತು ಬಿಡುವುದು ಸುಲಭವೇ? ಒಮ್ಮೆ ಜ್ವರದಿಂದ ಮಲಗಿದ್ದ ಓಣಿಯ ಅಜ್ಜನನ್ನು ನೋಡಲು ಹೋಗಿ, ಬಾಗಿಲಲ್ಲಿ ನಿಂತು ಗಟ್ಟಿಯಾಗಿ “ಸಾವುಬೋನಾ!” ಅಂದಳು. ಅಜ್ಜನ ಸೊಸೆಗೆ ಕೇಳಿಸಿದ್ದು ಮೊದಲಿನ ಎರಡಕ್ಷರ ಮಾತ್ರ. “ಸಾವನ್ನ ಕರ್ಕೊಂಡು ಬಂದೀಯೇನ ನಮ್ಮನೀಗೆ?” ಎಂದು ಅವಳು ಪರಕಿ ಹಿಡಿದು ಎದ್ದಳು. ತಮಾಷೆ ಎಂದರೆ, ಆ ಗದ್ದಲಕ್ಕೆ ಅಜ್ಜ ಎದ್ದು ಕುಳಿತ, ಬೆವೆತ, ಜ್ವರ ಬಿಟ್ಟಿತು!

ಇನ್ನು ಒಂದು ಕಾಗದದ ವಿಷಯ. ಡರ್ಬನ್ ಬಿಡುವಾಗ ಅಲ್ಲಿಯ ಸರಕಾರ ಅವಳಿಗೊಂದು ಕಾಗದ ಕೊಟ್ಟಿತ್ತು. ಅದರ ಮೇಲೆ ಅವಳ ಫೋಟೋ, ಹತ್ತೂ ಬೆರಳಿನ ಮಸಿ ಗುರುತು. ಮೂರು ವರ್ಷದೊಳಗೆ ತಿರುಗಿ ಹೋದರೆ ಆ ಊರಿನಲ್ಲಿ ಕಾಯಂ ಇರುವ ಹಕ್ಕು ಉಳಿಯುತ್ತದೆ, ತಡವಾದರೆ ಹಕ್ಕು ಹೋಗುತ್ತದೆ. ಇಷ್ಟು ಸರಳವಾಗಿ ಇದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ! ಆಗ ನಮ್ಮ ಮನೆಯಲ್ಲಿ ಚಾಲ್ತಿಯಲ್ಲಿದ್ದದ್ದು ಅತ್ತಿಯ ಕಾನೂನು. ಅವಳು ಆ ಕಾಗದವನ್ನು ಮೇಣಗಪ್ಪಡದಲ್ಲಿ ಸುತ್ತಿ, ಹೊಲಿದು, ಡಬ್ಬಿಯಲ್ಲಿಟ್ಟು, ಡಬ್ಬಿಯ ಬಾಯಿಗೆ ಅರಗು ಹಾಕಿಸಿದ್ದಳು.

“ಅತ್ತಿ, ಅದಕ್ಕೇನರ ಮುದ್ದತು, ಗಡುವು ಐತೇನು? ಒಮ್ಮೆ ತೆಗೆದು ನೋಡೂಣು” ಎಂದರೆ ಹೌಹಾರುತ್ತಿದ್ದಳು.

“ತೆಗೀಬ್ಯಾಡೋ! ಬಾಯಿ ಕಟ್ಟಿಟ್ಟ ಉಪ್ಪಿನಕಾಯಿ ಎಂದಾದ್ರೂ ಕೆಡ್ತೈತೇನು? ಗಾಳಿ ತಾಕಿದ ದಿನದಿಂದ ಮೂರು ವರ್ಷ ಲೆಕ್ಕ!”

ಕೊನೆಗೊಂದು ದಿನ ತಾನೇ ಡಬ್ಬಿ ಹಿಡಿದುಕೊಂಡು ನನ್ನ ಮುಂದೆ ಬಂದು ಕುಳಿತಳು. ಅವಳು ಬಂದು ಮೂರು ವರ್ಷ ಮುಗಿದು ನಾಲ್ಕು ತಿಂಗಳಾಗಿತ್ತು. ನಾನು ಆಗಷ್ಟೇ ಸಾಲಿಯಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದೆ. ಇಂಗ್ಲಿಷ್ ಮಾಸ್ತರ! ಆ ಹೆಸರಿನ ಭಾರಕ್ಕೆ ನಾನು ನಡೆಯುವಾಗ ಸ್ವಲ್ಪ ಹಿಂದಕ್ಕೆ ಬಾಗುತ್ತಿದ್ದೆ. “ಓದೋ ಮಾಸ್ತರಾ” ಅಂದಳು. ಓದಿದೆ. ಮೂರು ವರ್ಷ ಮೀರಿದರೆ ಹಕ್ಕು ‘ಲ್ಯಾಪ್ಸ್’ ಆಗುತ್ತದೆ ಎಂದು ಬರೆದಿತ್ತು. ಆ ಶಬ್ದ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ಬಾಯಿ ಬರಲಿಲ್ಲ. ಲ್ಯಾಪ್ ಅಂದರೆ ತೊಡೆ. ಲ್ಯಾಪ್ಸ್ ಅಂದರೆ ತೊಡೆಗಳು. ಅಂದಮೇಲೆ ಅರ್ಥ ಸ್ಪಷ್ಟವಲ್ಲವೇ? ಮೂರು ವರ್ಷ ಕಳೆದವರನ್ನು ಸರಕಾರ ತೊಡೆಯ ಮೇಲೆ ಕೂಡಿಸಿಕೊಳ್ಳುತ್ತದೆ!

“ಅತ್ತಿ, ಚಿಂತಿ ಬಿಡು. ಮೂರು ವರ್ಷ ಆತಂದ್ರ ನೀ ಇನ್ನೂ ಪಕ್ಕಾ ಆದಿ” ಅಂದೆ.

ಅತ್ತಿ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. “ಹಂಗಾರ ನಾ ಹೋಗಬಹುದು?” ಅಂದಳು. “ಖಂಡಿತ!” ಅಂದೆ.

ಹೋಗುವ ಮುಂಚೆ ಕದರಮಂಡಲಗಿಯ ಹನುಮಪ್ಪನಿಗೆ ಕಾಯಿ ಒಡೆಸಬೇಕೆಂದು ಬ್ಯಾಡಗಿಗೆ ಹೋಗಿ, ಅಲ್ಲಿಂದ ಚಕ್ಕಡಿ ಹೂಡಿಸಿದಳು. ಸಮುದ್ರ ದಾಟುವ ಕೆಲಸಕ್ಕೆ ಹನುಮಪ್ಪನಿಗಿಂತ ಅನುಭವಸ್ಥರು ಯಾರಿದ್ದಾರೆ? “ಕಾಗದದ್ದು ಒಂಚೂರು ನೋಡಿಕೋಳಪ್ಪಾ” ಎಂದು ಕೈಮುಗಿದಳು. ಪೂಜಾರಿ ನಕ್ಕು, “ತಾಯಿ, ಆತಗ ಯಾರೂ ಕಾಗದ ಕೇಳಿದ್ದಿಲ್ಲ” ಅಂದರು. “ಅದಕ್ಕ ಮತ್ತ! ಅಂವ ಹೋದಾಗ ಕೇಳಿದ್ರ ಲಂಕಾಕ್ಕ ಬೆಂಕಿ ಬೀಳ್ತಿದ್ದಿಲ್ಲ, ಬಂದರದಾಗ ಕುಂತು ಬರ್ತಿದ್ದ” ಅಂದಳು ಅತ್ತಿ.

ಮುಂಬಯಿಗೆ ನಾನೇ ಕಳಿಸಲು ಹೋದೆ. ಹಡಗಿನ ಏಜೆಂಟನ ಗುಮಾಸ್ತ ಕಾಗದವನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಆಮೇಲೆ ಭರಭರ ಇಂಗ್ಲಿಷಿನಲ್ಲಿ ಮೂರು ಪ್ರಶ್ನೆ ಕೇಳಿದ. ನನಗೆ ಒಂದೂ ತಿಳಿಯಲಿಲ್ಲ. ಮೂರಕ್ಕೂ ‘ಯೆಸ್’ ಅಂದೆ. ಅವನು ಒಂದು ಫಾರ್ಮ್ ತೆಗೆದು ಅತ್ತಿಯ ಹೆಬ್ಬೆಟ್ಟು ಒತ್ತಿಸಿದ, ನನ್ನದೊಂದು ಸಾಕ್ಷಿ ಸಹಿ ಹಾಕಿಸಿದ. ‘ಆ ಬಂದರಿನಲ್ಲಿ ಇಳಿಸಿಕೊಳ್ಳದಿದ್ದರೆ ಹಡಗಿನವರು ಜವಾಬ್ದಾರರಲ್ಲ, ಅದೇ ಹಡಗಿನಲ್ಲಿ ತಿರುಗಿ ಬರುತ್ತೇನೆ’ ಅನ್ನುವುದಕ್ಕೆ ನಾನು ಸಾಕ್ಷಿ ಹಾಕಿದ್ದೆನೆಂದು ತಿಳಿದದ್ದೂ ಆಮೇಲೆಯೇ. ನನ್ನ ಜೀವನದಲ್ಲಿ ಅಷ್ಟು ಚಂದದ ಇಂಗ್ಲಿಷ್ ಸಹಿಯನ್ನು ನಾನು ಮತ್ತೆ ಮಾಡಿಲ್ಲ! ಅತ್ತಿ ಒಂದು ಚೀಲ ಬ್ಯಾಡಗಿ ಮೆಣಸಿನಕಾಯಿಯ ಮೇಲೆ ಕುಳಿತು, ಗುಜರಾತಿ ಹೆಂಗಸರ ನಡುವೆ, ಆಗಲೇ ಮಾತು ಶುರು ಮಾಡಿದ್ದಳು. ಹಡಗು ಹೊರಟಿತು.

ಎರಡು ತಿಂಗಳಾಗಿರಬಹುದು. ಒಂದು ಬೆಳಿಗ್ಗೆ ಮನೆಯ ಮುಂದೆ ಟಾಂಗಾ ನಿಂತಿತು. ಇಳಿದವಳು ಅತ್ತಿ! ಹಿಂದೆ ಅದೇ ಟ್ರಂಕು.

“ಡರ್ಬನ್ನಿಗೆ ಹೋಗಲಿಲ್ಲೇನಕ್ಕಾ?” ಅಪ್ಪ ಗಾಬರಿಯಿಂದ ಕೇಳಿದರು.

“ಹೋಗಿದ್ನಿ.”

“ಮತ್ತ?”

“ಇಳೀಲಿಲ್ಲ.”

ಊರೇ ನೆರೆಯಿತು. ಅತ್ತಿ ಕಟ್ಟೆಯ ಮೇಲೆ ಕುಳಿತು ಕಥೆ ಹೇಳಿದಳು. ಬಂದರಿನ ಸಾಹೇಬ ಕಾಗದ ನೋಡಿ ‘ಇದು ಸತ್ತಿದೆ’ ಅಂದನಂತೆ. ‘ಕಾಗದ ಸತ್ತಿರಬಹುದು, ನಾ ಜೀವಂತ ಅದೀನಲ್ಲ?’ ಎಂದು ಇವಳು ಹತ್ತೂ ಬೆರಳು ಎತ್ತಿ ತೋರಿಸಿದಳಂತೆ. ಅವನು ಬೆರಳುಗಳನ್ನು ಒಂದೊಂದಾಗಿ ತಾಳೆ ನೋಡಿ, ‘ಬೆರಳು ನಿನ್ನವೇ, ಊರು ನಿನ್ನದಲ್ಲ’ ಅಂದನಂತೆ. ಹಡಗು ನಾಲ್ಕು ದಿನ ಅಲ್ಲೇ ನಿಂತಿತ್ತು. ಇವಳಿಗೆ ಕೆಳಗೆ ಕಾಲಿಡಲು ಅಪ್ಪಣೆಯಿಲ್ಲ. ಸುದ್ದಿ ತಿಳಿದು ಮಾವ ನೆರೆಯ ಗುಜರಾತಿ ಅಂಗಡಿಯವರ ಜೊತೆ ಹಡಗು ನಿಲ್ಲುವ ಧಕ್ಕೆಯ ಮೇಲೆ ಬಂದು ನಿಂತರು.

“ಬಂದು ನಿಂತಾರ, ಆದ್ರ ನನ್ನ ಕಡೆ ನೋಡವಲ್ರು! ಒಮ್ಮೆ ಆ ಕಡೆ ಹಡಗ ನೋಡ್ತಾರ, ಒಮ್ಮೆ ಸರಕು ಎತ್ತೋ ಯಂತ್ರ ನೋಡ್ತಾರ. ‘ಇತ್ತಲಾಗ ನೋಡ್ರೀ!’ ಅಂತ ಹೊಯ್ಕೊಂಡೆ, ಹೊಯ್ಕೊಂಡೆ. ಮರುದಿನಾನೂ ಅದ. ಕಡೀಕೆ ಹಡಗದ ಖಲಾಶಿಗಳಿಗೂ ಆ ಮಾತು ಬಾಯಿಪಾಠ ಆತು. ಮೂರನೇ ದಿನ ನಿಮ್ಮ ಮಾವ ಬಂದ್ರ ಸಾಕು, ಇಪ್ಪತ್ತು ಮಂದಿ ಕಟಕಟೀಗೆ ನಿಂತು ‘ಇತ್ತಲಾಗ ನೋಡ್ರೀ!’ ಅಂತ ಒದರಾಕ ಹತ್ತಿದ್ರು!”

ನಕ್ಕೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಷ್ಟೋ ದಿನ ಹಾವೇರಿಯ ಪೇಟೆಯಲ್ಲಿ ಯಾರಾದರೂ ಮುಖ ತಿರುಗಿಸಿಕೊಂಡು ಹೋದರೆ, ಹಿಂದಿನಿಂದ ‘ಇತ್ತಲಾಗ ನೋಡ್ರೀ!’ ಎಂದು ಕೂಗುವುದು ಚಾಳಿಯಾಯಿತು.

ನಗುತ್ತ ನಗುತ್ತಲೇ ನನ್ನ ಎದೆಯಲ್ಲಿ ಒಂದು ಮುಳ್ಳು ಆಡುತ್ತಿತ್ತು. ಮಾಸ್ತರಿಕೆಯ ಭಯಕ್ಕೆ ಅಷ್ಟರಲ್ಲಿ ನಾನೊಂದು ಡಿಕ್ಷನರಿ ತಂದಿದ್ದೆ. ತೊಡೆಗೂ ಆ ಶಬ್ದಕ್ಕೂ ಸಂಬಂಧವಿಲ್ಲ, ಅದರ ಅರ್ಥ ‘ರದ್ದಾಗುವುದು’ ಎಂದು ತಿಳಿದಿತ್ತು. ಒಂದು ಮಧ್ಯಾಹ್ನ ಅತ್ತಿ ಒಬ್ಬಳೇ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಾಗ ಹತ್ತಿರ ಹೋಗಿ ಕುಳಿತೆ.

“ಅತ್ತಿ, ತಪ್ಪು ನಂದು. ನನಗ ಅದರ ಅರ್ಥ ಗೊತ್ತಿದ್ದಿಲ್ಲ. ಸುಳ್ಳ ಹೇಳಿದ್ನಿ.”

ಅವಳು ತಲೆ ಎತ್ತಲಿಲ್ಲ. “ಗೊತ್ತಿತ್ತು” ಅಂದಳು.

“ಏನು ಗೊತ್ತಿತ್ತು?”

“ಕಾಗದ ಸತ್ತದ್ದು. ನೀ ಓದೂದಕ್ಕ ಮೊದಲ ನಿಮ್ಮ ಮಾವಂದು ಪತ್ರ ಬಂದಿತ್ತು. ಗುಜರಾತ್ಯಾಗ. ಬ್ಯಾಡಗಿ ಪ್ಯಾಟ್ಯಾಗಿನ ಶೇಠನ ಕಡೆ ಓದಿಸಿಕೊಂಡ್ನಿ. ‘ಮುದ್ದತು ಮುಗದೈತಿ, ಬರಬ್ಯಾಡ, ಬಂದ್ರ ಇಳಿಸಿಕೊಳ್ಳಂಗಿಲ್ಲ. ನಾ ಸುಖದಿಂದ ಅದೀನಿ’ ಅಂತ ಇತ್ತು.”

“ಗೊತ್ತಿದ್ದೂ ಯಾಕ ಹೋದಿ? ನನ್ನ ಕಡೆ ಯಾಕ ಓದಿಸಿದಿ?”

“ಇಂಗ್ಲಿಷ್ ಮಾಸ್ತರ ಹೋಗಬಹುದು ಅಂದ ಅಂದ್ರ ನಿಮ್ಮಪ್ಪ ತಡೀತಿದ್ದಿಲ್ಲಲ್ಲ. ನೀ ಗೊತ್ತಿಲ್ಲ ಅನ್ನಂಗಿಲ್ಲ ಅಂತ ನನಗ ಖಾತ್ರಿ ಇತ್ತು.” ಒಂದು ಸಣ್ಣ ನಗೆ ಬಂದು ಹೋಯಿತು. ಆಮೇಲೆ ಕೈ ನಿಲ್ಲಿಸಿದಳು. “ನಿಮ್ಮ ಮಾವ ಹನ್ನೆರಡು ವರ್ಷದಾಗ ಒಂದ ಸಲನೂ ‘ಸುಖದಿಂದ ಅದೀನಿ’ ಅಂದಾವ್ರಲ್ಲೋ. ಮ್ಯಾಲ ಮೂರು ವರ್ಷ ತಾವ ಕನ್ನಡದಾಗ ಪತ್ರ ಬರದ ಮನಷ್ಯಾ, ಬ್ಯಾರೆಯವರ ಕಡೆ ಗುಜರಾತ್ಯಾಗ ಯಾಕ ಬರಸಿದ್ರು? ಕೈಗೆ ಏನರ ಆಗೈತೇನೋ ಅಂದ್ಕೊಂಡ್ನಿ. ನೋಡಿ ಬರಬೇಕಾಗಿತ್ತು. ಇಳಿಸಲಿಕ್ಕಿಲ್ಲಂದ್ರ ಬಿಡ್ಲಿ, ದೂರಿಂದರ ಕಾಣತಾರಲ್ಲ?”

“ಕೈಗೆ ಏನಾಗಿತ್ತು?”

“ಕೈಗೆ ಏನೂ ಆಗಿದ್ದಿಲ್ಲ” ಅಂದಳು. “ಕಣ್ಣು ಹೋಗ್ಯಾವ.”

ಅತ್ತಿ ಹೇಳಿದಳು: “ನಾಲ್ಕನೇ ದಿನ ಆ ಗುಜರಾತಿಯವಗ ಕೈಮುಗಿದು ಒದರಿದ್ನಿ. ‘ಅಂಗಡಿ ಗಿಂಗಡಿ ಎಲ್ಲಾ ಬಿಟ್ಟು, ಊರಿಗೆ ಹೊಂಟವರ ಜೋಡಿ ಅವರನ್ನ ಕೂಡಿಸಿ ಕಳಸ್ರಿ’ ಅಂತ. ಮೆಣಸಿನಕಾಯಿ ಚೀಲ ಹಗ್ಗ ಕಟ್ಟಿ ಕೆಳಗ ಇಳಿಬಿಟ್ನಿ. ನಿಮ್ಮ ಮಾವ ಅದರಾಗ ಕೈ ಹಾಕಿ, ಒಂದು ಕಾಯಿ ಮುರಿದು ಮೂಸಿ, ಆವಾಗ ಅಳಾಕ ಹತ್ತಿದ್ರು.”

ಮಾವ ಬಂದದ್ದು ಆರು ತಿಂಗಳ ಮೇಲೆ. ಮುಂದೆ ಒಂದು ಕಣ್ಣಿನ ಪೊರೆ ತೆಗೆಸಿದ್ದು, ಆ ಕಣ್ಣು ಅಷ್ಟಿಷ್ಟು ಬಂದದ್ದು, ಇಬ್ಬರೂ ಬ್ಯಾಡಗಿಯಲ್ಲೇ ಇಪ್ಪತ್ತು ವರ್ಷ ಬಾಳಿದ್ದು ಎಲ್ಲ ಆಮೇಲಿನ ಮಾತು. ಮುಂಬಯಿಯ ಧಕ್ಕೆಯಿಂದ ಅವರನ್ನು ಕರೆತಂದವನು ನಾನು. ಅತ್ತಿ ಬರಲಿಲ್ಲ. ಬ್ಯಾಡಗಿಯ ಮನೆಯ ಬೀಗ ತೆಗೆದು, ಸಾರಿಸಿ, ಒಲೆ ಹೊತ್ತಿಸಬೇಕಾಗಿತ್ತು. “ಅವರು ತಮ್ಮ ಮನೀಗೆ ಬರ್ಲಿ” ಅಂದಿದ್ದಳು.

ರೈಲು ಬ್ಯಾಡಗಿಯಲ್ಲಿ ನಿಂತಾಗ ಮಧ್ಯಾಹ್ನ. ಮಾವನ ಕೈಹಿಡಿದು ಇಳಿಸಿದೆ. ಟ್ರಂಕು ಇಳಿಸಿಕೊಳ್ಳಲು ನಾನು ಕೈ ಬಿಟ್ಟದ್ದೇ ತಡ, ಅವರು ನಿಲ್ದಾಣದ ಕಟ್ಟಡಕ್ಕೆ ಬೆನ್ನು ಮಾಡಿ, ರೈಲಿನ ಇಂಜಿನ್ನಿನ ಕಡೆ ಮುಖ ಮಾಡಿ ನಿಂತುಬಿಟ್ಟರು. ಅತ್ತಿ ಹಿಂದಿನ ಬೇವಿನ ಮರದ ಕೆಳಗಿದ್ದಳು. ನಾನು ಮಾವನನ್ನು ಅವಳ ಕಡೆ ತಿರುಗಿಸಲು ಹೋದೆ. ಅವಳು ಕೈಯೆತ್ತಿ ಬೇಡವೆಂದು ಸನ್ನೆ ಮಾಡಿದಳು.

ಜೀವಮಾನವೆಲ್ಲ ಮಾತಾಡಿದ ನಮ್ಮತ್ತಿ ಒಂದು ಮಾತೂ ಆಡಲಿಲ್ಲ. ಸೆರಗು ಹೊದ್ದು, ಜನರ ನಡುವೆ ದಾರಿ ಮಾಡಿಕೊಂಡು, ಸುತ್ತು ಹಾಕಿ ಬಂದು, ಮಾವನ ಮುಖ ಎತ್ತ ಇತ್ತೋ ಅಲ್ಲಿ ನಿಂತಳು.