ಮೂಗಣ್ಣ ಹಿಡಿದ ತಾಮ್ರದ ಎಳೆ

ಮೂಗಣ್ಣನಿಗೆ ಅಡುಗೆಮನೆಯ ಕೆಲಸ ಹೇಳುವುದೆಂದರೆ ಅವನ ಕುಲಕ್ಕೇ ಅವಮಾನ. ಬೆಟ್ಟದೊಳಗೆ ಮನೆ ಕೊರೆದುಕೊಂಡು ಬಾಳುವ ಗಿಡ್ಡರ ಪೈಕಿ ಅವನು ಅಂತಿಂಥವನಲ್ಲ. ಬಂಡೆಗೆ ಮೂಗು ತಾಗಿಸಿದರೆ ಸಾಕು, ಒಳಗಿರುವುದು ಕಬ್ಬಿಣವೋ ತವರವೋ ಹೇಳಿಬಿಡುತ್ತಿದ್ದ. (ಒಲೆಯ ಮೇಲೆ ಹಾಲು ಸೀಯುತ್ತಿರುವುದು ಮಾತ್ರ ಆ ಮೂಗಿಗೆ ಎಂದೂ ಗೊತ್ತಾಗಿರಲಿಲ್ಲ.)

ಅಂಥವನಿಗೆ ಹೆಂಡತಿ, "ಉಪ್ಪಿನ ಜಾಡಿ ಇಡೋಕೆ ಗೋಡೇಲಿ ಒಂದು ಗೂಡು ಕೊರೆದುಕೊಡಿ," ಎಂದಳು.

"ರಾಜರ ಕೋಟೆಗೆ ಬಾಗಿಲು ಮಾಡಿದ ಕೈ ಕಣೇ ಇದು!"

"ಹೌದೌದು. ಆ ಕೈ ಈಗ ಖಾಲಿ ಕೂತಿದೆಯಲ್ಲ."

ಗೊಣಗುತ್ತಲೇ ಉಳಿ ಹಿಡಿದ. ನಾಲ್ಕನೇ ಏಟಿಗೆ ಹಸಿರುಗಟ್ಟಿದ ತಾಮ್ರದ ಎಳೆಯೊಂದು ಇಣುಕಿತು! ಹೊಸ ಎಳೆ ಕಂಡವನು ಅದರ ಕೊನೆ ಮುಟ್ಟುವವರೆಗೆ ಅಗೆತ ಬಿಡಬಾರದು, ಮುಟ್ಟಿದರೆ ಆ ಎಳೆಗೆ ಅವನದೇ ಹೆಸರು. ಇದು ಗಿಡ್ಡರ ಕಟ್ಟಳೆ. ಹೆಸರಿಡುವ ಅಧಿಕಾರ ಅಗೆತಗಾರರ ಸಂಘದ ಯಜಮಾನಿಯದು. ಆಕೆ ಬೇರೆ ಯಾರೂ ಅಲ್ಲ, ಬೆಟ್ಟದ ಆಚೆ ಮಗ್ಗುಲಲ್ಲಿದ್ದ ಅವನ ಅತ್ತೆ, ಹನ್ನೆರಡು ವರ್ಷದಿಂದ ಅಳಿಯನ ಒಂದು ಕೆಲಸವನ್ನೂ ಮೆಚ್ಚದ ಮಹಾತಾಯಿ. ಈ ಸಲ ಆಕೆಯ ಬಾಯಲ್ಲಿ ಭೇಷ್ ಅನ್ನಿಸಿಯೇ ಸಿದ್ಧ ಎಂದು ಮೂಗಣ್ಣ ಪಣ ತೊಟ್ಟ.

ಎಳೆ ಎಂದರೆ ಎಂಥ ಎಳೆ! ಎಡಕ್ಕೆ ತಿರುಗಿತು, ಮೇಲೆ ಹತ್ತಿತು, ನೀರಿನ ಒರತೆ ಇದ್ದಲ್ಲಿ ಸುತ್ತುಹಾಕಿಕೊಂಡು ಹೋಯಿತು. "ನೋಡೇ, ತಾಮ್ರಕ್ಕೂ ಎಷ್ಟು ಬುದ್ಧಿ!" ಎಂದು ಅವನು ಹಿಗ್ಗಿದ. ಮಧ್ಯಾಹ್ನ ಉಂಡು ಅವನು ಗೊರಕೆ ಹೊಡೆಯುವಾಗ ಹೆಂಡತಿ ಸುರಂಗ ಗುಡಿಸಲು ಹೋಗುತ್ತಿದ್ದಳು. ಎಂಥ ಪತಿವ್ರತೆ ಎಂದು ಅವನಿಗೆ ಅಭಿಮಾನವೋ ಅಭಿಮಾನ.

ನಲವತ್ತನೇ ದಿನ, ಹೆಂಡತಿ ಪೊರಕೆ ಹಿಡಿದು ಹಿಂದೆಯೇ ನಿಂತಿರುವಾಗ, ಕೊನೆಯ ಬಂಡೆ ಉರುಳಿ ಆಚೆ ಬೆಳಕು ಕಂಡಿತು. ಜೊತೆಗೆ ಒಲೆ, ಮಡಕೆ, ಅತ್ತೆ.

ಅತ್ತೆ ಬೆಚ್ಚಲಿಲ್ಲ. ದೀಪ ಹಿಡಿದು ಒಳಗೆ ಬಂದು, ಗೋಡೆ ಸವರಿ, ಎಳೆಯನ್ನು ಉಗುರಿನಿಂದ ಕೆರೆದು ನಾಲಗೆಗೂ ಮುಟ್ಟಿಸಿದಳು.

"ಅಬ್ಬಬ್ಬಾ! ಇಂಥ ಕೆಲಸ ಈ ಜನ್ಮದಲ್ಲಿ ನೋಡಿಲ್ಲ."

ಮೂಗಣ್ಣನ ಗಡ್ಡ ಸಂತೋಷಕ್ಕೆ ನಡುಗಿತು. "ಎಲ್ಲಾ ನಿಮ್ಮ ಆಶೀರ್ವಾದ, ಅತ್ತೆ."

"ನಿಮಗಲ್ಲ ಅಳಿಯಂದ್ರೇ, ಮಗಳಿಗೆ ಹೇಳಿದ್ದು. ಹುಳಿ ನೀರು ಹಚ್ಚಿ ಹಸಿರು ಬರಿಸಿದ್ದೀಯಲ್ಲೇ! ಎಲ್ಲಿಯ ತಾಮ್ರ?"

"ಸ್ನಾನದ ಹಂಡೆ, ಅಮ್ಮ," ಎಂದಳು ಹೆಂಡತಿ, ನೆಲ ನೋಡುತ್ತ. "ದಿನಾ ಇವರು ಮಲಗಿದಾಗ ಒಂದಿಷ್ಟು ಕರಗಿಸಿ ಬಿರುಕಿಗೆ ಹುಯ್ತಿದ್ದೆ. ಬೆಟ್ಟ ಸುತ್ತಿ ನಿನ್ನ ಮನೆಗೆ ಬರೋಕೆ ಮೂರು ದಿನ. ಒಂದು ದಾರಿ ಕೊರೀರಿ ಅಂತ ಹನ್ನೆರಡು ವರ್ಷ ಬೇಡ್ಕೊಂಡೆ. ಬಿಡುವಿಲ್ಲ ಅಂದ್ರು."

(ಹಂಡೆ ಮಾಯವಾಗಿ ನಲವತ್ತು ದಿನವಾಗಿತ್ತು. ಮೂಗಣ್ಣ ಸ್ನಾನ ಮಾಡಿಯೂ ಅಷ್ಟೇ ದಿನವಾಗಿದ್ದರಿಂದ ಅವನಿಗೆ ಗೊತ್ತಾಗಿರಲಿಲ್ಲ.)

ಅವನಿಗೆ ಮೈಯೆಲ್ಲ ಉರಿದುಹೋಯಿತು. ತನ್ನ ಮೂಗಿಗೇ ಮೋಸವೇ! ದೀಪ ಕಸಿದುಕೊಂಡು ಎಳೆಯನ್ನು ನೋಡಿದ, ಮೂಸಿದ, ಮತ್ತೆ ನೋಡಿದ. ಎಲ್ಲಿ ಬಂಡೆ ಮುಗಿದು ಎಲ್ಲಿ ಹಂಡೆ ಶುರುವಾಯಿತೋ ಆಗಲೂ ತಿಳಿಯಲಿಲ್ಲ. ಕೋಪ ಅರ್ಧಕ್ಕೇ ನಿಂತಿತು. ಎಷ್ಟಾದರೂ ಕಸುಬು ಬಲ್ಲವನು, ಒಳ್ಳೆಯ ಕೆಲಸ ಕಂಡು ಸುಮ್ಮನಿರುವುದು ಅವನಿಂದಾಗಲಿಲ್ಲ.

"ಇದನ್ನ ಹ್ಯಾಗೇ ಮಾಡಿದೆ?" ಎಂದು ಮೆಲ್ಲಗೆ ಕೇಳಿದ.

ಅಂದೇ ಸುರಂಗದ ಬಾಯಲ್ಲಿ ಹೆಸರು ಕೆತ್ತಿದ್ದಾಯಿತು. ಹೆಸರು ಹೆಂಡತಿಯದು, ಕೆತ್ತಿದ ಕೈ ಮೂಗಣ್ಣನದು. ಅತ್ತೆ ಒಂದೊಂದು ಅಕ್ಷರವನ್ನೂ ಬೆರಳಿನಿಂದ ಸವರಿದಳು.

"ಚೆನ್ನಾಗಿದೆ ಅಳಿಯಂದ್ರೇ," ಎಂದಳು. ಮೂಗಣ್ಣನ ಕಣ್ಣು ತುಂಬಿಬಂತು. "ಇನ್ನು ದಿನಾ ಬಂದು ನಿಮ್ಮ ಮಿಕ್ಕ ಕೆಲಸಾನೂ ನೋಡ್ತೀನಿ. ದಾರಿ ನೀವೇ ಮಾಡಿಕೊಟ್ರಲ್ಲ!"